ಶಂಕರ್‌ನಾಗ್: ಬೀದಿ ವೇದಿಕೆಯಲ್ಲಿ ಉಳಿದ ನಾಯಕ

ಕನ್ನಡ ರಾಜ್ಯೋತ್ಸವ ಸರ್ಕಾರಿ ಕ್ಯಾಲೆಂಡರಿನಲ್ಲಿ ಒಂದು ದಿನದ ಹಬ್ಬ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಅದು ನವೆಂಬರ್ ತಿಂಗಳು ಪೂರ್ತಿ ನಡೆಯುತ್ತದೆ. ಕೆಲವು ಕಡೆ ಡಿಸೆಂಬರ್‌ಗೂ ಚಾಚಿಕೊಳ್ಳುತ್ತದೆ. ಹೆಗ್ಗನಹಳ್ಳಿ, ಸುಂಕದಕಟ್ಟೆ, ಲಗ್ಗೆರೆ, ರಾಜಗೋಪಾಲನಗರಗಳಲ್ಲಿ ಆಟೊ ನಿಲ್ದಾಣದವರೋ ಯುವಕ ಸಂಘದವರೋ ಅಡ್ಡರಸ್ತೆಗೆ ಅಡ್ಡಲಾಗಿ ಒಂದು ವೇದಿಕೆ ಕಟ್ಟುತ್ತಾರೆ. ಹಗಲು ಧ್ವಜಾರೋಹಣ ಮತ್ತು ಅನ್ನಸಂತರ್ಪಣೆ, ಸಂಜೆ ರಸಮಂಜರಿ. ಫಲಕದಲ್ಲಿ ಭುವನೇಶ್ವರಿಯ ಚಿತ್ರದ ಅಕ್ಕಪಕ್ಕ ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಷ್ ಇರುತ್ತಾರೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, ರಾಜ್ಯೋತ್ಸವಕ್ಕೆ ಮೂರು ದಿನ ಮೊದಲು ತೀರಿಕೊಂಡ ಮೇಲೆ ಅವರ ಚಿತ್ರವೂ ಸೇರಿದೆ. ಇವರೆಲ್ಲರ ನಡುವೆ, ಕಪ್ಪು ಕನ್ನಡಕ ತೊಟ್ಟ ಅಥವಾ ಖಾಕಿ ಅಂಗಿಯ ಗುಂಡಿ ಬಿಚ್ಚಿದ ಗಡ್ಡದ ಯುವಕನೊಬ್ಬ ತಪ್ಪದೆ ಇರುತ್ತಾನೆ. ಆತ ತೀರಿಕೊಂಡು ಮೂರೂವರೆ ದಶಕ ಕಳೆದಿದೆ. ವೇದಿಕೆಯ ಮುಂದೆ ಕುಣಿಯುವ ಹುಡುಗರಲ್ಲಿ ಹೆಚ್ಚಿನವರು ಆಗ ಹುಟ್ಟಿರಲೇ ಇಲ್ಲ.

ಸರ್ಕಾರಿ ಸೇವೆಯಿಂದ ನಿವೃತ್ತನಾದ ಬಳಿಕ ಹೆಗ್ಗನಹಳ್ಳಿಯಲ್ಲಿ ನೆಲೆಸಿರುವ ನಾನು ಈ ರಸಮಂಜರಿಗಳನ್ನು ಮನೆಯ ಮಹಡಿಯಿಂದಲೂ, ಕೆಲವೊಮ್ಮೆ ಜನರ ನಡುವೆ ಕುರ್ಚಿ ಹಾಕಿಕೊಂಡೂ ಕೇಳಿದ್ದೇನೆ. ಶಬ್ದದ ಬಗ್ಗೆ ಗೊಣಗುವ ವಯಸ್ಸು ನನ್ನದು, ಗೊಣಗಿದ್ದೂ ಉಂಟು. ಆದರೆ ಅರ್ಥಶಾಸ್ತ್ರ ಓದಿದವನಿಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಸುಮಾರು ಹನ್ನೆರಡೇ ವರ್ಷ ಕನ್ನಡ ಚಿತ್ರರಂಗದಲ್ಲಿದ್ದ, ತಾನೇ ಹಿನ್ನೆಲೆ ಗಾಯಕನಲ್ಲದ ಒಬ್ಬ ನಟನ ನೆನಪಿನಲ್ಲಿ ಪ್ರತಿವರ್ಷ ಇಷ್ಟೊಂದು ವೇದಿಕೆಗಳು ಏಕೆ ಏಳುತ್ತವೆ? ಅವುಗಳ ಮೇಲೆ ನಿಂತವರಿಗೂ ಆತನ ಬದುಕಿಗೂ ಇರುವ ಸಂಬಂಧವೇನು?

ಶಂಕರ್ ನಾಗರಕಟ್ಟೆ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದಲ್ಲಿ. ಹುಟ್ಟಿದ ದಿನವೂ ರಾಜ್ಯೋತ್ಸವದ ತಿಂಗಳಿಗೇ ಬಿದ್ದಿರುವುದು ಸಂಘಟಕರಿಗೆ ಅನುಕೂಲವೇ ಆಗಿದೆ. ಮನೆಮಾತು ಕೊಂಕಣಿ. ತಂದೆ ಸದಾನಂದ, ತಾಯಿ ಆನಂದಿ. ಅಕ್ಕ ಶ್ಯಾಮಲಾ, ಅಣ್ಣ ಅನಂತ್. ಕರಾವಳಿಯ ಸಾರಸ್ವತ ಕುಟುಂಬಗಳಿಗೆ ಮುಂಬೈ ಆ ಕಾಲದಲ್ಲಿ ಹತ್ತಿರದ ಊರು, ಬೆಂಗಳೂರೇ ದೂರ. ಓದು ಮುಗಿಸಿ ಮುಂಬೈ ಸೇರಿದ ಶಂಕರ್ ಅಲ್ಲಿನ ಮರಾಠಿ ರಂಗಭೂಮಿಯತ್ತ ಒಲಿದರು. ನಾಟಕದ ತಾಲೀಮುಗಳ ನಡುವೆಯೇ ಅರುಂಧತಿ ರಾವ್ ಪರಿಚಯವಾದರು. 1980ರಲ್ಲಿ ಇಬ್ಬರೂ ಮದುವೆಯಾದರು. ಚಾಪೇಕರ್ ಸಹೋದರರನ್ನು ಕುರಿತ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲೂ ಶಂಕರ್ ಪಾಲ್ಗೊಂಡಿದ್ದರು. ಅವರನ್ನು ತೆರೆಯ ನಾಯಕನಾಗಿ ಮಾತ್ರ ಬಲ್ಲವರು ಈ ಮುಂಬೈ ವರ್ಷಗಳನ್ನು ಮರೆಯುತ್ತಾರೆ. ತಂಡ ಕಟ್ಟುವುದನ್ನು, ಒಬ್ಬನೇ ಬರೆದು ಆಡಿ ದೀಪವನ್ನೂ ಹೊರುವುದನ್ನು ಅವರು ಕಲಿತದ್ದು ಅಲ್ಲಿಯೇ.

ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಚಿತ್ರವನ್ನು 1978ರಲ್ಲಿ ತೆರೆಗೆ ತಂದಾಗ ಕೂಲಿ ಸೈನಿಕ ಗಂಡುಗಲಿಯ ಪಾತ್ರ ಶಂಕರ್ ಅವರದಾಯಿತು. ಜಪಾನಿನ ಕುರೊಸಾವಾ ಚಿತ್ರಗಳ ಛಾಯೆಯಿದ್ದ, ನಡುಗಾಲದ ಕರ್ನಾಟಕದಲ್ಲಿ ನಡೆಯುವ ಕಥೆ ಅದು. ಆ ಪಾತ್ರ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ತಂದಿತು. ಪ್ರಶಸ್ತಿ ಬಂದ ನಟ ಆ ದಿನಗಳಲ್ಲಿ ಹೊಸ ಅಲೆಯ ಚಿತ್ರಗಳಿಗಷ್ಟೇ ಮೀಸಲಾಗುವುದು ವಾಡಿಕೆ. ಶಂಕರ್ ಹಾಗೆ ಮಾಡಲಿಲ್ಲ. 1980ರಲ್ಲಿ ‘ಆಟೊ ರಾಜ’ ಬಂತು, ಅದೇ ವರ್ಷ ಅವರ ನಿರ್ದೇಶನದ ಮೊದಲ ಚಿತ್ರ ‘ಮಿಂಚಿನ ಓಟ’ವೂ ಬಂತು. ನಾನು ಎಂ.ಎ. ಓದುತ್ತಿದ್ದ ದಿನಗಳವು. ಮೆಜೆಸ್ಟಿಕ್ ಸುತ್ತಲಿನ ಚಿತ್ರಮಂದಿರಗಳಲ್ಲಿ ಎರಡನ್ನೂ ನೋಡಿದೆ. ‘ಆಟೊ ರಾಜ’ಕ್ಕೆ ಮುಂದಿನ ಸಾಲುಗಳಲ್ಲಿ ಶಿಳ್ಳೆ ಬೀಳುತ್ತಿತ್ತು, ಕಾರು ಕಳ್ಳರ ಕಥೆಯಾದ ‘ಮಿಂಚಿನ ಓಟ’ಕ್ಕೆ ಹಿಂದಿನ ಸಾಲುಗಳಲ್ಲಿ ಚರ್ಚೆ ನಡೆಯುತ್ತಿತ್ತು. ಅದಕ್ಕೆ ಏಳು ರಾಜ್ಯ ಪ್ರಶಸ್ತಿಗಳು ಬಂದವು. ಎರಡೂ ಸಾಲುಗಳಿಗೆ ಏಕಕಾಲಕ್ಕೆ ಸಲ್ಲುವ ನಟರು ಕನ್ನಡದಲ್ಲಿ ಹೆಚ್ಚು ಮಂದಿ ಇರಲಿಲ್ಲ.

‘ಆಟೊ ರಾಜ’ದ ಪರಿಣಾಮ ಚಿತ್ರಮಂದಿರದ ಹೊರಗೆ ಹೆಚ್ಚು ಕಾಲ ಉಳಿಯಿತು. ಬೆಂಗಳೂರಿನಲ್ಲಿ ಕಾರ್ಖಾನೆಗಳ ಸಂಬಳದ ಪಟ್ಟಿಗೆ ಸೇರಲಾಗದ ಯುವಕರಿಗೆ ಆಟೊ ಒಂದು ಸ್ವಂತ ಉದ್ಯೋಗವಾಗಿ ತೆರೆದುಕೊಳ್ಳುತ್ತಿದ್ದ ಹೊತ್ತು ಅದು. ಸಾಲದ ಕಂತು, ಮೀಟರಿನ ಜಗಳ, ಪೊಲೀಸರ ದಂಡ ಇವುಗಳ ನಡುವೆ ಬದುಕುವ ಮನುಷ್ಯನನ್ನು ತೆರೆಯ ಮೇಲೆ ನಾಯಕನನ್ನಾಗಿ ಮಾಡಿದ್ದು ಸಣ್ಣ ಸಂಗತಿಯಲ್ಲ. ನಮ್ಮ ಭಾಗದ ಆಟೊಗಳ ಹಿಂದೆ ಇಂದಿಗೂ ಅವರ ಚಿತ್ರ ಅಂಟಿಸಿರುತ್ತಾರೆ. ನಿಲ್ದಾಣಗಳಿಗೆ ಅವರ ಹೆಸರಿಡುವುದಂತೂ ರೂಢಿಯೇ ಆಗಿಬಿಟ್ಟಿದೆ. ಚಾಲಕರ ಬಾಯಲ್ಲಿ ಅವರು ಶಂಕರಣ್ಣ.

ಇನ್ನು ರಸಮಂಜರಿಯ ಮಾತು. 1981ರ ‘ಗೀತಾ’ ಚಿತ್ರವನ್ನು ಶಂಕರ್ ತಾವೇ ನಿರ್ದೇಶಿಸಿ ನಟಿಸಿದರು. ಅಕ್ಷತಾ ರಾವ್ ನಾಯಕಿ, ಇಳಯರಾಜ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ. ರಕ್ತದ ಕ್ಯಾನ್ಸರಿಗೆ ಸಿಕ್ಕ ಹುಡುಗಿಯ ಪ್ರೇಮಕಥೆ ಅದು. ನಾಯಕ ವೇದಿಕೆಯ ಮೇಲೆ ಹಾಡಿ ಕುಣಿಯುವ ಗಾಯಕ. ಸಂತೋಷವನ್ನೇ ಪಲ್ಲವಿಯಾಗಿಸಿಕೊಂಡ ಆ ಚಿತ್ರದ ಹಾಡನ್ನು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದರು. ಪಾಶ್ಚಾತ್ಯ ರಾಕ್ ಮತ್ತು ಡಿಸ್ಕೊಗಳ ಲಯವನ್ನು ಇಳಯರಾಜ ಕನ್ನಡದ ಮಾತಿಗೆ ಎಷ್ಟು ಸಲೀಸಾಗಿ ಹೊಂದಿಸಿದರೆಂದರೆ, ನಲವತ್ತು ವರ್ಷಗಳ ಬಳಿಕವೂ ಆ ಹಾಡಿಲ್ಲದ ರಸಮಂಜರಿಯನ್ನು ನಾನು ಕೇಳಿಲ್ಲ. ಜನ ಚದುರುತ್ತಿದ್ದಾರೆ ಎನಿಸಿದಾಗ ನಿರೂಪಕ ಅದನ್ನು ಹಾಡಿಸುತ್ತಾನೆ. ಗಣ್ಯರೊಬ್ಬರ ಭಾಷಣ ಉದ್ದವಾಗಿ ಸಭೆ ತೂಕಡಿಸಿದ್ದರೆ ಮತ್ತೊಮ್ಮೆ ಹಾಡಿಸುತ್ತಾನೆ.

ಒಂದು ವಿಚಿತ್ರವನ್ನು ಗಮನಿಸಬೇಕು. ಹಾಡಿನ ದನಿ ಬಾಲಸುಬ್ರಹ್ಮಣ್ಯಂ ಅವರದು, ರಾಗ ಇಳಯರಾಜರದು, ಪದ ಉದಯಶಂಕರರದು. ಆದರೂ ನಮ್ಮ ಬೀದಿಗೆ ಅದು ಶಂಕರ್‌ನಾಗ್ ಹಾಡು. ಅದನ್ನು ಹಾಡುವವನು ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಅನುಕರಿಸುತ್ತಲೇ ಶಂಕರ್‌ನಾಗ್ ಅವರ ನಡಿಗೆಯನ್ನು ನಡೆಯುತ್ತಾನೆ. ಪಕ್ಕದಲ್ಲಿ ಜೂನಿಯರ್ ಶಂಕರ್‌ನಾಗ್ ಎಂದು ಫಲಕದಲ್ಲಿ ಹೆಸರು ಹಾಕಿಸಿಕೊಂಡ ಕಲಾವಿದ ಬೇರೆ ಇರುತ್ತಾನೆ. ಒಬ್ಬ ಶಂಕರ್‌ನಾಗ್ ಅವರನ್ನು ಮರಳಿ ತರಲು ವೇದಿಕೆಯ ಮೇಲೆ ಇಬ್ಬರಾದರೂ ಬೇಕಾಗುತ್ತಾರೆ.

ಈ ಬಗೆಯ ಸ್ಮರಣೆ ಜಗತ್ತಿನ ಬೇರೆಡೆಯೂ ಇದೆ. ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. ಅವರ ಕುಟುಂಬ 1995ರಲ್ಲಿ ಸ್ಥಾಪಿಸಿದ ಸಂಸ್ಥೆ ಅವರ ಹೆಸರಿನಲ್ಲಿ ಊರೂರು ತಿರುಗುವ ಗೋಷ್ಠಿಯೊಂದನ್ನು ನಡೆಸುತ್ತ ಬಂದಿದೆ. ಬಡ್ಡಿ ಗೈ, ಎರಿಕ್ ಜಾನ್ಸನ್, ಝಾಕ್ ವೈಲ್ಡ್ ಮೊದಲಾದ ಹೆಸರಾಂತರು ಅದರಲ್ಲಿ ಸರದಿಯಂತೆ ಬಂದು ಹೆಂಡ್ರಿಕ್ಸ್ ಅವರ ರಚನೆಗಳನ್ನು ನುಡಿಸುತ್ತಾರೆ. ಹೆಂಡ್ರಿಕ್ಸ್ ಜೊತೆ ನುಡಿಸಿದ್ದ ಬಿಲ್ಲಿ ಕಾಕ್ಸ್ ಕೂಡ ಆ ತಂಡದಲ್ಲಿದ್ದರು. ಅಲ್ಲಿ ಹಕ್ಕುಗಳು ಸಂಸ್ಥೆಯ ಕೈಯಲ್ಲಿವೆ, ಲೆಕ್ಕಪತ್ರವಿದೆ, ಯಾರು ಬರಬೇಕೆಂದು ತೀರ್ಮಾನಿಸುವವರಿದ್ದಾರೆ.

ಹೆಗ್ಗನಹಳ್ಳಿಯ ಗೋಷ್ಠಿಗೆ ಅಂಥ ಒಡೆಯರಿಲ್ಲ. ಸಂಘದವರು ವಾದ್ಯಗೋಷ್ಠಿಯ ಮುಖ್ಯಸ್ಥನೊಬ್ಬನಿಗೆ ಒಟ್ಟು ಮೊತ್ತಕ್ಕೆ ಒಪ್ಪಿಸುತ್ತಾರೆ. ಆತ ಕೀಬೋರ್ಡ್ ನುಡಿಸುವವನನ್ನು, ರಿದಂ ಪ್ಯಾಡಿನವನನ್ನು, ಇಬ್ಬರು ಗಾಯಕರನ್ನು, ಒಬ್ಬ ಗಾಯಕಿಯನ್ನು, ನಿರೂಪಕನನ್ನು, ಜೂನಿಯರ್ ಕಲಾವಿದರನ್ನು ಒಂದು ರಾತ್ರಿಯ ಮಟ್ಟಿಗೆ ಕೂಡಿಸುತ್ತಾನೆ. ನಾಳೆ ಇದೇ ಕೀಬೋರ್ಡಿನವನು ನಾಗರಬಾವಿಯಲ್ಲಿ ಬೇರೊಂದು ತಂಡದ ಹೆಸರಿನಡಿ ಕುಳಿತಿರುತ್ತಾನೆ. ಇಂದು ಇಲ್ಲಿ ರಾಜ್‌ಕುಮಾರ್ ಹಾಡಿದವನು ನಾಳಿದ್ದು ಮಾಗಡಿ ರಸ್ತೆಯ ಆಚೆ ವಿಷ್ಣುವರ್ಧನ್ ಹಾಡುತ್ತಾನೆ. ತಂಡದ ಹೆಸರು ಸ್ಥಿರ, ಆಳುಗಳು ಚರ. ನಾನು ಮಾತನಾಡಿಸಿದ ಕಲಾವಿದರಲ್ಲಿ ಹಗಲು ಪೀಣ್ಯದ ಯಂತ್ರಾಗಾರಗಳಲ್ಲಿ ದುಡಿಯುವವರಿದ್ದರು, ಆಟೊ ಓಡಿಸುವವರಿದ್ದರು, ಶಾಲೆಗಳಲ್ಲಿ ಸಂಗೀತ ಕಲಿಸುವವರಿದ್ದರು. ಗಣೇಶೋತ್ಸವ, ರಾಜ್ಯೋತ್ಸವ, ಊರಹಬ್ಬ ಇವು ಮೂರೇ ಅವರ ಸುಗ್ಗಿ. 2020 ಮತ್ತು 2021ರಲ್ಲಿ ಕೊರೊನಾ ನಿರ್ಬಂಧಗಳಿಂದ ಈ ಸುಗ್ಗಿ ಒಣಗಿದಾಗ ಕೆಲವರು ವಾದ್ಯಗಳನ್ನು ಮಾರಿಕೊಂಡರು. ಅವರಲ್ಲಿ ಎಲ್ಲರೂ ಮರಳಿ ಬಂದಿಲ್ಲ.

ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರದರ್ಶನ ಕಲೆಗಳ ಸಂಕಟವನ್ನು ವಿವರಿಸಿದ್ದರು. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬ ಕಾರ್ಮಿಕನ ಉತ್ಪಾದನೆ ಹೆಚ್ಚುತ್ತದೆ, ಕೂಲಿಯೂ ಏರುತ್ತದೆ. ನಾಲ್ಕು ಜನ ನುಡಿಸಬೇಕಾದ ಸಂಗೀತಕ್ಕೆ ಇನ್ನೂರು ವರ್ಷಗಳ ಹಿಂದೆಯೂ ನಾಲ್ವರು ಬೇಕಿತ್ತು, ಇಂದೂ ನಾಲ್ವರೇ ಬೇಕು. ಹೊರಗಿನ ಕೂಲಿ ಏರಿದಂತೆ ಗೋಷ್ಠಿಯ ಖರ್ಚೂ ಏರಲೇಬೇಕು, ಉಳಿತಾಯಕ್ಕೆ ದಾರಿಯಿಲ್ಲ. ನಮ್ಮ ರಸಮಂಜರಿಗಳು ಈ ಸಂಕಟಕ್ಕೆ ತಮ್ಮದೇ ಪರಿಹಾರ ಕಂಡುಕೊಂಡಿವೆ. ಮೊದಲು ಪಿಟೀಲು ಮತ್ತು ಕೊಳಲು ಹೋದವು, ಆಮೇಲೆ ಡ್ರಮ್ಸ್ ಹೋಯಿತು. ಈಗ ಎಷ್ಟೋ ವೇದಿಕೆಗಳಲ್ಲಿ ಮುದ್ರಿತ ಟ್ರ್ಯಾಕಿಗೆ ಗಾಯಕನೊಬ್ಬ ದನಿಗೂಡಿಸುತ್ತಾನೆ. ‘ಗೀತಾ’ದ ಹಾಡಿಗೆ ಎದುರಿಗೇ ಡ್ರಮ್ಸ್ ಬಾರಿಸಿದಾಗ ಜನ ಏಳುವ ರೀತಿಯೇ ಬೇರೆ, ಟ್ರ್ಯಾಕ್ ಹಾಕಿದಾಗ ಏಳುವ ರೀತಿಯೇ ಬೇರೆ. ಸಂಘದ ಖಜಾಂಚಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಕಂಡರೂ ಆತನ ಬಳಿ ಹಣವಿರುವುದಿಲ್ಲ.

ಹಣದ ಪ್ರಶ್ನೆ ಶಂಕರ್‌ನಾಗ್ ಅವರ ಬದುಕಿನಲ್ಲೂ ಕೇಂದ್ರದಲ್ಲಿತ್ತು. ಹನ್ನೆರಡು ವರ್ಷಗಳಲ್ಲಿ ಎಂಬತ್ತರ ಆಸುಪಾಸಿನಲ್ಲಿ ಚಿತ್ರಗಳು. ಅವುಗಳಲ್ಲಿ ಹೊಡೆದಾಟದ ಸಾಧಾರಣ ಚಿತ್ರಗಳೇ ಬಹಳ. ಅಭಿಮಾನಿಗಳು ಒಪ್ಪದಿದ್ದರೂ ಇದನ್ನು ಹೇಳಲೇಬೇಕು. ಆದರೆ ಆ ಚಿತ್ರಗಳ ಸಂಪಾದನೆ ಎಲ್ಲಿಗೆ ಹೋಯಿತೆಂದು ನೋಡಿದರೆ ಅವರ ಲೆಕ್ಕಾಚಾರ ಅರ್ಥವಾಗುತ್ತದೆ. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದ್ರಾಸಿಗೆ ಓಡಬೇಕಾಗಿದ್ದ ಕಾಲದಲ್ಲಿ ಅವರು ಬೆಂಗಳೂರಿನಲ್ಲೇ ಸಂಕೇತ್ ಎಲೆಕ್ಟ್ರಾನಿಕ್ಸ್ ಎಂಬ ಧ್ವನಿಮುದ್ರಣ ಕೇಂದ್ರ ತೆರೆದರು. ಸಂಕೇತ್ ನಾಟಕ ತಂಡ ಕಟ್ಟಿ ‘ಅಂಜು ಮಲ್ಲಿಗೆ’, ‘ಬ್ಯಾರಿಸ್ಟರ್’, ‘ಸಂಧ್ಯಾ ಛಾಯಾ’, ‘ನೋಡಿ ಸ್ವಾಮಿ ನಾವಿರೋದೇ ಹೀಗೆ’, ‘ನಾಗಮಂಡಲ’ಗಳನ್ನು ರಂಗಕ್ಕೆ ತಂದರು. ಬೆಳಿಗ್ಗೆ ಯಾರದೋ ಚಿತ್ರದಲ್ಲಿ ಖಳರನ್ನು ಹೊಡೆದು, ಸಂಜೆ ತಾಲೀಮಿಗೆ ಬರುವ ಮನುಷ್ಯನನ್ನು ಊಹಿಸಿಕೊಳ್ಳಿ. ಒಂದು ಕೈಯ ಲಾಭದಿಂದ ಇನ್ನೊಂದು ಕೈಯ ನಷ್ಟ ತುಂಬುವ ಈ ಪದ್ಧತಿಯನ್ನು ನಮ್ಮ ಸಾರಿಗೆ ನಿಗಮಗಳೂ ಬಲ್ಲವು, ವಿದ್ಯುತ್ ಕಂಪನಿಗಳೂ ಬಲ್ಲವು. ಯಾವ ಸರ್ಕಾರಿ ಆದೇಶವೂ ಇಲ್ಲದೆ ಒಬ್ಬ ವ್ಯಕ್ತಿ ಅದನ್ನು ಸ್ವಂತ ಇಚ್ಛೆಯಿಂದ ಮಾಡಿದ್ದು ಅಪರೂಪ.

ಅವರ ಕೆಲಸದ ರೀತಿಯಲ್ಲಿ ಇನ್ನೊಂದು ಅಂಶವಿದೆ. ಅನಂತ್‌ನಾಗ್, ರಮೇಶ್ ಭಟ್, ಲೋಕನಾಥ್, ಅರುಂಧತಿ ನಾಗ್ ಅವರಂಥವರು ನಾಟಕ, ಚಿತ್ರ, ಧಾರಾವಾಹಿಗಳಲ್ಲಿ ಬಂದು ಹೋಗುತ್ತಲೇ ಇರುತ್ತಾರೆ. ಒಂದು ಕಡೆ ಮುಖ್ಯ ಪಾತ್ರ ಮಾಡಿದವರು ಇನ್ನೊಂದು ಕಡೆ ಎರಡೇ ದೃಶ್ಯಕ್ಕೆ ಬಂದಾರು. ಕೆಲವರು ತೆರೆಯ ಹಿಂದೆಯೂ ದುಡಿದರು. ದೂರದರ್ಶನಕ್ಕಾಗಿ ಆರ್.ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಆಗಿಸಿದಾಗ ಈ ಪದ್ಧತಿ ಅದರ ಉತ್ತಮ ರೂಪದಲ್ಲಿ ಕಂಡಿತು. ನಿರ್ಮಾಪಕರು ಟಿ.ಎಸ್. ನರಸಿಂಹನ್. ಆಗುಂಬೆಯ ಹಳೆಯ ಮನೆಗಳೇ ಮಾಲ್ಗುಡಿಯಾದವು. ಜಾನ್ ದೇವರಾಜ್ ಕಲಾ ನಿರ್ದೇಶನ, ಎಲ್. ವೈದ್ಯನಾಥನ್ ಸಂಗೀತ, ಆರ್.ಕೆ. ಲಕ್ಷ್ಮಣರ ರೇಖಾಚಿತ್ರ. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ಕಾರ್ನಾಡರು ಅವನ ತಂದೆಯಾದರು. ಎಂಟು ವರ್ಷಗಳ ಹಿಂದೆ ತಮ್ಮನ್ನು ನಿರ್ದೇಶಿಸಿದ್ದವರನ್ನು ಈಗ ಶಂಕರ್ ನಿರ್ದೇಶಿಸುತ್ತಿದ್ದರು. 1986ರಲ್ಲಿ ಅದು ಪ್ರಸಾರವಾಗತೊಡಗಿದಾಗ ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಕಿರಿಯ ಅಧಿಕಾರಿ. ವಸತಿಗೃಹಗಳ ಸಾಲಿಗೆ ಒಂದೇ ಟಿ.ವಿ. ಇತ್ತು, ಹಿಂದಿ ತಿಳಿಯದ ಹಿರಿಯರೂ ಅದರ ಮುಂದೆ ಕೂರುತ್ತಿದ್ದರು, ಏಕೆಂದರೆ ಅಂಗಳ, ಜಗುಲಿ, ಮಳೆ ಎಲ್ಲವೂ ಕನ್ನಡದವೇ ಆಗಿದ್ದವು.

ಅದಕ್ಕೂ ಮುಂಚೆ, 1985ರಲ್ಲಿ ಬಂದ ‘ಆಕ್ಸಿಡೆಂಟ್’ ನನ್ನ ಮಟ್ಟಿಗೆ ಅವರ ಅತ್ಯಂತ ಗಟ್ಟಿಯಾದ ಚಿತ್ರ. ಅಮಲಿನಲ್ಲಿ ಕಾರು ಓಡಿಸಿದ ಪ್ರಭಾವಿಯೊಬ್ಬನ ಮಗ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡ ವಲಸಿಗರ ಮೇಲೆ ಹರಿಸುತ್ತಾನೆ. ಮುಂದೆ ನಡೆಯುವುದೆಲ್ಲ ಪ್ರಕರಣವನ್ನು ಮುಚ್ಚುವ ಪ್ರಯತ್ನ. ರಾಜಕಾರಣಿಯಾಗಿ ಅನಂತ್‌ನಾಗ್, ಬೆನ್ನುಬಿಡದ ಪತ್ರಕರ್ತನಾಗಿ ಶಂಕರ್. ಸಾಮಾಜಿಕ ವಿಷಯದ ಚಿತ್ರಕ್ಕೆ ಮೀಸಲಾದ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಸರ್ಕಾರಿ ಕಡತ ಹೇಗೆ ಚಲಿಸುತ್ತದೆ, ಹೇಗೆ ಚಲಿಸದೆ ನಿಲ್ಲುತ್ತದೆ ಎಂಬುದನ್ನು ಅಷ್ಟು ಸರಿಯಾಗಿ ತೋರಿಸಿದ ಇನ್ನೊಂದು ಕನ್ನಡ ಚಿತ್ರ ನನಗೆ ನೆನಪಾಗುವುದಿಲ್ಲ. ರಸಮಂಜರಿಯ ವೇದಿಕೆಗೆ ಮಾತ್ರ ಈ ಚಿತ್ರ ಬರುವುದೇ ಇಲ್ಲ. ಕುಣಿಯಲು ಅದರಲ್ಲಿ ಏನೂ ಇಲ್ಲ. ಜೂನಿಯರ್ ಶಂಕರ್‌ನಾಗ್ ಕಲಾವಿದ ‘ಆಟೊ ರಾಜ’ನನ್ನೂ, 1988ರ ‘ಸಾಂಗ್ಲಿಯಾನ’ದ ಪೊಲೀಸ್ ಅಧಿಕಾರಿಯನ್ನೂ ತರುತ್ತಾನೆ, ಪತ್ರಕರ್ತನನ್ನು ತರುವುದಿಲ್ಲ. ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಸಿ, ಸ್ಟೈನ್‌ಬೆಕ್ ಕೃತಿಯನ್ನು ಆಧರಿಸಿ 1987ರಲ್ಲಿ ಮಾಡಿದ ‘ಒಂದು ಮುತ್ತಿನ ಕಥೆ’ಯದೂ ಇದೇ ಪಾಡು. ಸಾವಿನ ಬಳಿಕದ ನೆನಪು ಎಲ್ಲ ಕಾಲಕ್ಕೂ ಹೀಗೆ ಆರಿಸಿಕೊಳ್ಳುತ್ತದೆ, ದೂರುವುದರಲ್ಲಿ ಪ್ರಯೋಜನವಿಲ್ಲ.

ಅಭಿಮಾನಿಗಳು ಅವರಿಗೆ ಸಲ್ಲಿಸುವ ಇನ್ನೊಂದು ಗೌರವದ ಬಗ್ಗೆ ಆಡಳಿತದಲ್ಲಿದ್ದವನಾಗಿ ಒಂದು ಮಾತು ಹೇಳಬೇಕು. ಬೆಂಗಳೂರಿಗೆ ಮೆಟ್ರೊ ರೈಲು ಬಂದದ್ದು ಶಂಕರ್‌ನಾಗ್ ಅವರಿಂದ ಎಂದು ವೇದಿಕೆಗಳಲ್ಲಿ ಘೋಷಿಸುವುದುಂಟು. ನಗರಕ್ಕೆ ಅಂಥ ರೈಲು ಬೇಕೆಂದು ಅವರು ಎಂಬತ್ತರ ದಶಕದಲ್ಲೇ ಹಂಬಲಿಸಿದ್ದರು. ನಂದಿ ಬೆಟ್ಟಕ್ಕೆ ರೋಪ್‌ವೇ, ಕಡಿಮೆ ವೆಚ್ಚದಲ್ಲಿ ಬೇಗನೆ ಕಟ್ಟಬಹುದಾದ ಮನೆಗಳು ಅವರ ತಲೆಯಲ್ಲಿದ್ದ ಇತರ ಯೋಜನೆಗಳು. ಅನಂತ್‌ನಾಗ್ ಬರೆದ ‘ನನ್ನ ತಮ್ಮ ಶಂಕರ’ ಓದಿದವರಿಗೆ ಆ ಚಡಪಡಿಕೆಯ ಪರಿಚಯವಿದೆ. ಆದರೆ ಮೆಟ್ರೊದಂಥ ಯೋಜನೆ ಹಲವು ಸರ್ಕಾರಗಳ, ಎಂಜಿನಿಯರುಗಳ, ಸಾಲದ ಒಪ್ಪಂದಗಳ, ಭೂಸ್ವಾಧೀನದ ಜಗಳಗಳ ಒಟ್ಟು ಫಲ. 2011ರ ಅಕ್ಟೋಬರಿನಲ್ಲಿ ಮೊದಲ ರೈಲು ಓಡಿತು. ನಮಗೆ ಹತ್ತಿರದ ಪೀಣ್ಯಕ್ಕೆ 2014ರ ಮಾರ್ಚ್ 1ರಂದು ಬಂತು. ಅದರ ಶ್ರೇಯಸ್ಸನ್ನು ಒಬ್ಬ ನಟನಿಗೆ ಕಟ್ಟುವುದು ಉಳಿದ ಸಾವಿರಾರು ಜನರಿಗೆ ಮಾಡುವ ಅನ್ಯಾಯ. ಸರ್ಕಾರದ ಯಾವ ಹುದ್ದೆಯೂ ಇಲ್ಲದ, ಮೂವತ್ತರ ಆಸುಪಾಸಿನ ಒಬ್ಬ ನಟ ಇವನ್ನೆಲ್ಲ ತನ್ನ ಕೆಲಸವೆಂದು ಭಾವಿಸಿದ್ದ ಎಂಬುದಷ್ಟೇ ನನಗೆ ಹೆಚ್ಚು ಬೆಲೆಯುಳ್ಳ ಸಂಗತಿ. ಅಭಿನಂದನೆ ಸಲ್ಲಬೇಕಾದದ್ದು ಅದಕ್ಕೆ.

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆಂದು ಲೋಕಾಪುರದ ಕಡೆಗೆ ಹೊರಟಿದ್ದ ಅವರ ಕಾರು ದಾವಣಗೆರೆ ಸಮೀಪದ ಆನಗೋಡಿನಲ್ಲಿ ಲಾರಿಗೆ ಡಿಕ್ಕಿ ಹೊಡೆಯಿತು. ಶಂಕರ್ ಅಲ್ಲಿಯೇ ಕೊನೆಯುಸಿರೆಳೆದರು. ಮೂವತ್ತಾರು ತುಂಬಲು ನಲವತ್ತು ದಿನ ಬಾಕಿಯಿತ್ತು. ಜೊತೆಯಲ್ಲಿದ್ದ ಅರುಂಧತಿ ಮತ್ತು ಪುಟ್ಟ ಮಗಳು ಕಾವ್ಯಾ ಉಳಿದರು. ಅರುಂಧತಿಯವರು ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ರಸ್ತೆಯ ವಿಷಯದಲ್ಲಿ ವಿಧಿಯನ್ನು ಎಳೆದು ತರುವುದು ನನಗೆ ಒಪ್ಪಿಗೆಯಿಲ್ಲ. ಅಂದಿನ ರಾಷ್ಟ್ರೀಯ ಹೆದ್ದಾರಿ 4 ವಿಭಜಕವಿಲ್ಲದ ಇಕ್ಕಟ್ಟಿನ ರಸ್ತೆ. ರಾತ್ರಿಯಿಡೀ ಲಾರಿಗಳು ಎದುರುಬದುರಾಗಿ ಓಡುತ್ತಿದ್ದವು. ಆ ಹಾದಿಯಲ್ಲಿ ಸರ್ಕಾರಿ ಜೀಪಿನಲ್ಲಿ ಓಡಾಡಿದವರೆಲ್ಲರಿಗೂ ಎದುರಿನ ಎರಡು ದೀಪಗಳ ಭಯ ಗೊತ್ತು. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅದು ಅಗಲವಾಗುವ ಹೊತ್ತಿಗೆ ಶಂಕರ್ ಹೋಗಿ ಹತ್ತು ವರ್ಷ ದಾಟಿತ್ತು.

ಅವರ ಹೆಸರಿನಲ್ಲಿ ನಡೆದ ಎಲ್ಲ ಸ್ಮರಣೆಗಳಿಗಿಂತ ದೊಡ್ಡದನ್ನು ಅರುಂಧತಿ ನಾಗ್ ಮಾಡಿದರು. ಬೆಂಗಳೂರಿಗೆ ನಾಟಕಕ್ಕೆಂದೇ ಒಂದು ಮನೆ ಬೇಕೆಂಬುದು ದಂಪತಿಯ ಹಳೆಯ ಆಸೆ. ಸಂಕೇತ್ ಟ್ರಸ್ಟ್ ಮೂಲಕ, ಸರ್ಕಾರ ಗುತ್ತಿಗೆಗೆ ಕೊಟ್ಟ ನಿವೇಶನದಲ್ಲಿ, ವರ್ಷಗಟ್ಟಲೆ ದೇಣಿಗೆ ಕೂಡಿಸಿ ಅವರು ಜೆ.ಪಿ. ನಗರದಲ್ಲಿ ಕಟ್ಟಿದ ರಂಗಶಂಕರ 2004ರ ಅಕ್ಟೋಬರಿನಲ್ಲಿ ತೆರೆಯಿತು. ಮುನ್ನೂರಕ್ಕೂ ಸ್ವಲ್ಪ ಹೆಚ್ಚು ಆಸನಗಳು, ಸೋಮವಾರ ಬಿಟ್ಟು ಉಳಿದ ದಿನ ನಾಟಕ. ಅಲ್ಲಿ ಎಷ್ಟೋ ಭಾಷೆಗಳ ತಂಡಗಳು ಸರದಿಯಂತೆ ಬಂದುಹೋಗುತ್ತವೆ. ಶಂಕರ್ ಅವರ ಹಾಡನ್ನು ಅಲ್ಲಿ ಯಾರೂ ಹಾಡುವುದಿಲ್ಲ, ಅವರ ನಡಿಗೆಯನ್ನು ಯಾರೂ ನಡೆಯುವುದಿಲ್ಲ. ಅವರು ಮುಂಬೈಯಲ್ಲಿ ಕಲಿತ ಕೆಲಸವನ್ನು ಇತರರು ಮುಂದುವರಿಸುತ್ತಾರೆ, ಅಷ್ಟೆ.

ಜೆ.ಪಿ. ನಗರದಲ್ಲಿ ಸಾಧ್ಯವಾದದ್ದು ಹೆಗ್ಗನಹಳ್ಳಿಯಲ್ಲಿ ಏಕೆ ಸಾಧ್ಯವಾಗಲಿಲ್ಲ ಎಂದು ಕೇಳಿದರೆ ಉತ್ತರ ಕಂದಾಯ ದಾಖಲೆಗಳಲ್ಲಿದೆ. ಅಭಿವೃದ್ಧಿ ಪ್ರಾಧಿಕಾರ ಯೋಜಿಸಿದ ಬಡಾವಣೆಯಲ್ಲಿ ಉದ್ಯಾನಕ್ಕೆ, ಶಾಲೆಗೆ, ಸಭಾಭವನಕ್ಕೆ ಎಂದು ನಾಗರಿಕ ಸೌಲಭ್ಯದ ನಿವೇಶನಗಳನ್ನು ಮೊದಲೇ ಬಿಡುತ್ತಾರೆ. ನಮ್ಮದು ಹಾಗಲ್ಲ. ಪೀಣ್ಯದ ಕಾರ್ಖಾನೆಗಳಿಗೆ ಬಂದ ತುಮಕೂರು, ಹಾಸನ, ಮಂಡ್ಯ, ಉತ್ತರ ಕರ್ನಾಟಕದ ಜನ ಹೊಲಗಳನ್ನು ತುಂಡುಮಾಡಿ ಮಾರಿದ ಕಂದಾಯ ನಿವೇಶನಗಳಲ್ಲಿ ಇಪ್ಪತ್ತು ಮೂವತ್ತರ ಮನೆ ಕಟ್ಟಿಕೊಂಡರು. 2007ರಲ್ಲಿ ಬೃಹತ್ ಮಹಾನಗರ ಪಾಲಿಕೆಗೆ ಸೇರುವ ಹೊತ್ತಿಗೆ ಮಾರಲು ಉಳಿದ ಜಾಗವೇ ಇರಲಿಲ್ಲ, ಬಿಡಲು ಎಲ್ಲಿಂದ ಬರಬೇಕು? ರಸ್ತೆಯೇ ಮಕ್ಕಳ ಮೈದಾನ, ರಸ್ತೆಯೇ ಮದುವೆಯ ಚಪ್ಪರ, ರಸ್ತೆಯೇ ರಂಗಮಂದಿರ. ಹಾಗಾಗಿ ವೇದಿಕೆ ಹಾಕಿದ ದಿನ ಆಂಬುಲೆನ್ಸ್ ಸುತ್ತಿ ಬರಬೇಕಾಗುತ್ತದೆ; ಪರೀಕ್ಷೆಗೆ ಓದುವ ಮಕ್ಕಳು ಕಿಟಕಿ ಮುಚ್ಚುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದು. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯಕ್ಕಿದೆ. ನಿಯಮ ಸರಿಯೇ. ಆದರೆ ಗಣ್ಯರ ಸನ್ಮಾನ ಒಂಬತ್ತಕ್ಕೆ ಮುಗಿದರೆ ಹಾಡುವವರಿಗೆ ಉಳಿಯುವುದು ಒಂದು ಗಂಟೆ. ಮೈಕ್ ಕಿತ್ತುಕೊಳ್ಳುವ ಪೊಲೀಸರ ಎದುರು ಕೈಮುಗಿದು ನಿಲ್ಲುವವನು ಗಣ್ಯನಲ್ಲ, ಆ ರಾತ್ರಿಯ ಸಂಭಾವನೆ ಇನ್ನೂ ಕೈಗೆ ಬರದ ಗಾಯಕ.

ಹಳೆಯ ಸರ್ಕಾರಿ ಶಾಲೆಯ ಆವರಣಗಳು, ಕೈಗಾರಿಕಾ ಪ್ರದೇಶದಲ್ಲಿ ಬಾಗಿಲು ಮುಚ್ಚಿದ ಶೆಡ್ಡುಗಳು ಸುತ್ತಮುತ್ತ ಇವೆ. ಅವುಗಳಲ್ಲಿ ಒಂದನ್ನು ಸಂಜೆ ವೇಳೆಗೆ ಮುನ್ನೂರು ಜನ ಕೂರುವ ಸಭಾಂಗಣವಾಗಿ ಮಾಡುವುದು ಬಜೆಟ್ಟಿನ ದೃಷ್ಟಿಯಿಂದ ದೊಡ್ಡ ಬಾಬತ್ತಲ್ಲ. ಪ್ರತಿಮೆಗೆ ಮಂಜೂರಾಗುವ ಹಣದಲ್ಲಿ ಅದರ ಅರ್ಧವಾದರೂ ಆಗುತ್ತದೆ. ಶಬ್ದ ಗೋಡೆಯೊಳಗೆ ಉಳಿದರೆ ಡ್ರಮ್ಸ್ ಬಾರಿಸುವವನಿಗೆ ಮತ್ತೆ ಕೆಲಸ ಸಿಕ್ಕೀತು, ರಸ್ತೆ ತೆರವಾದೀತು. ವಾರ್ಡಿನ ಸಭೆಯೊಂದರಲ್ಲಿ ನಾನು ಇದನ್ನು ಲಿಖಿತವಾಗಿ ಕೊಟ್ಟಿದ್ದೇನೆ. ಪ್ರತಿಮೆಯ ಪ್ರಸ್ತಾವಕ್ಕೆ ಚಪ್ಪಾಳೆ ಬಿತ್ತು, ನನ್ನದನ್ನು ಕಡತಕ್ಕೆ ಸೇರಿಸಿದರು.

ಸದ್ಯಕ್ಕೆ ಪೀಣ್ಯದಲ್ಲಿ ಹತ್ತಿದ ಹಸಿರು ಮಾರ್ಗದ ರೈಲು, ನಡುವೆ ಎಲ್ಲೂ ಬದಲಿಸದೆ, ಜಯಪ್ರಕಾಶನಗರ ನಿಲ್ದಾಣಕ್ಕೆ ಒಯ್ಯುತ್ತದೆ; ಅಲ್ಲಿಂದ ಆಟೊದಲ್ಲಿ ಹೋದರೆ ರಂಗಶಂಕರ ದೂರವಿಲ್ಲ. ನಾಟಕ ಸಾಮಾನ್ಯವಾಗಿ ಸಂಜೆ ಏಳೂವರೆಗೆ ಆರಂಭವಾಗುತ್ತದೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಪೀಣ್ಯದ ಹಗಲು ಪಾಳಿಯವನು ಓವರ್‌ಟೈಮ್ ಬಿಟ್ಟು ಆರಕ್ಕೆ ಹೊರಬಿದ್ದರೆ ತಲುಪಬಹುದು.